ಅಂತರಜಾಲದ ಚಿತ್ರ: ಯಾರ ಸೊತ್ತು, ಯಾರ ಕೃಪೆ

1856ನೆಯ ಇಸವಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿಯಾಗಿದ್ದ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬಾತನು, ದೊಡ್ಡ ಗಾತ್ರದ ಕ್ಯಾಮರಾವನ್ನೂ ಮೇಣ ಸವರಿದ ಕಾಗದದ ನೆಗೆಟಿವುಗಳನ್ನೂ ಹೊರಿಸಿಕೊಂಡು ಹಂಪಿಯ ಹಾಳುಗಳ ನಡುವೆ ತಿರುಗಿ, ವಿಠ್ಠಲ ದೇವಾಲಯದ ಅಂಗಳದಲ್ಲಿರುವ ಕಲ್ಲಿನ ರಥದ ಬಿಂಬವನ್ನು ಹಿಡಿದನು. ಇಂದು ನಾವು ನೋಡುವ ರಥಕ್ಕೆ ಮೇಲೆ ಶಿಖರವಿಲ್ಲ. ಅವನ ಚಿತ್ರದಲ್ಲಾದರೋ ಇಟ್ಟಿಗೆಯಿಂದ ಕಟ್ಟಿದ ಶಿಖರವು ಇನ್ನೂ ನಿಂತಿದೆ. ಆ ಶಿಖರವನ್ನು ತೆಗೆದುಹಾಕಿ ತಲೆಮಾರುಗಳೇ ಸಂದಿರುವ ಕಾರಣ, ಹಿಂದೊಮ್ಮೆ ಅದು ಇದ್ದಿತೆಂಬುದಕ್ಕೆ ಇಂಥ ಚಿತ್ರವೇ ನಮಗೆ ಪ್ರತ್ಯಕ್ಷ ಸಾಕ್ಷಿ. ನೂರಿಪ್ಪತ್ತೇಳು ವರ್ಷಗಳ ತರುವಾಯ, 1983ರಲ್ಲಿ, ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಅವರು ಹಂಪಿಗೆ ಬಂದು, ಗ್ರೀನ್‌ಲಾ ಎಲ್ಲೆಲ್ಲಿ ನಿಂತು ಚಿತ್ರ ತೆಗೆದಿದ್ದನೋ ಆಯಾ ನೆಲೆಗಳನ್ನೇ ಹುಡುಕಿ, ಅದೇ ಕೋನದಿಂದ ಮತ್ತೆ ಚಿತ್ರ ತೆಗೆದರು. ವಸ್ತು ಒಂದೇ, ನೋಟವೂ ಒಂದೇ. ಆದರೆ ಕಾನೂನಿನ ದೃಷ್ಟಿಯಲ್ಲಿ ಈ ಎರಡರ ಗತಿ ಬೇರೆ ಬೇರೆ. ಗ್ರೀನ್‌ಲಾನ ಚಿತ್ರದ ಮೇಲಿದ್ದ ಹಕ್ಕು ಎಂದೋ ಕಾಲಕ್ಕೆ ಸಂದುಹೋಗಿ ಅದು ಸರ್ವರ ಸ್ವತ್ತಾಗಿದೆ. ಗಾಲಿಂಗ್ಸ್ ಅವರ ಚಿತ್ರವು ಅವರ ಸ್ವತ್ತು, ಅದನ್ನು ಬಳಸಬೇಕಾದವನು ಅವರ ಒಪ್ಪಿಗೆಯನ್ನು ಪಡೆಯತಕ್ಕದ್ದು.

ಈ ಭೇದವನ್ನು ಗಣಕದ ಪರದೆಯು ಹೇಳುವುದಿಲ್ಲ. ಹಂಪಿ ಎಂದು ಬರೆದು ಹುಡುಕಿದೊಡನೆ ಸಾಲುಸಾಲಾಗಿ ಮೂಡುವ ಚಿತ್ರಗಳಲ್ಲಿ ಯಾವುದು ಎಲ್ಲರದು, ಯಾವುದು ಒಬ್ಬನದು, ಯಾವುದು ಒಬ್ಬನದಾಗಿದ್ದೂ ಎಲ್ಲರಿಗೆ ಕೆಲವು ನಿಬಂಧನೆಗಳ ಮೇಲೆ ತೆರೆದಿಟ್ಟದ್ದು ಎಂಬುದು ನೋಟಮಾತ್ರದಿಂದ ತಿಳಿಯತಕ್ಕದ್ದಲ್ಲ. ಕೈಗೆ ಸುಲಭವಾಗಿ ಎಟುಕಿದ್ದು ಬಿಟ್ಟಿಯೆಂಬ ಭಾವನೆ ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಪ್ರವಾಸವನ್ನೋ ಹಕ್ಕಿಯನ್ನೋ ಹಬ್ಬವನ್ನೋ ಕುರಿತು ಕನ್ನಡದಲ್ಲಿ ಬರೆಯುವವರು ಬೆರಳೊತ್ತಿ ಚಿತ್ರವನ್ನು ಇಳಿಸಿಕೊಂಡು, ಲೇಖನದ ನಡುವೆ ಅಂಟಿಸಿ, ಕೆಳಗೆ ಸಣ್ಣ ಅಕ್ಷರಗಳಲ್ಲಿ ‘ಚಿತ್ರಕೃಪೆ: ಅಂತರಜಾಲ’ ಎಂದು ಬರೆದುಬಿಟ್ಟರೆ ಋಣಸಂದಾಯವಾಯಿತೆಂದು ಭಾವಿಸುತ್ತಾರೆ. ಒಳ್ಳೆಯ ಲೇಖಕರೂ, ಪ್ರಾಮಾಣಿಕರೂ, ಇನ್ನೊಬ್ಬರ ಒಂದು ಸಾಲನ್ನು ಕದಿಯಲು ಹೇಸುವವರೂ ಹೀಗೆ ಮಾಡುತ್ತಾರೆಂಬುದು ನನ್ನ ಮನಸ್ಸಿಗೆ ಬಹಳ ನೋವನ್ನುಂಟುಮಾಡುವ ಸಂಗತಿ. ಅಂತರಜಾಲವು ಯಾವ ಚಿತ್ರವನ್ನೂ ತೆಗೆದದ್ದಿಲ್ಲ. ಮುಂಜಾವದ ಚಳಿಯಲ್ಲಿ ರಂಗನತಿಟ್ಟಿನ ದೋಣಿಯಲ್ಲಿ ಕುಳಿತು, ಕೊಕ್ಕರೆಯು ರೆಕ್ಕೆ ಬಿಚ್ಚುವ ಕ್ಷಣಕ್ಕಾಗಿ ಕಾದಿದ್ದವನು ಒಬ್ಬ ಮನುಷ್ಯ, ಅವನಿಗೊಂದು ಹೆಸರುಂಟು, ಆ ಹೆಸರನ್ನು ಹುಡುಕಿ ಬರೆಯುವ ಶ್ರಮವನ್ನು ಉಳಿಸಿಕೊಂಡು ನಾವು ಕೃಪೆಯನ್ನು ಯಾರಿಗೂ ಸಲ್ಲದಂತೆ ಗಾಳಿಗೆ ತೂರುತ್ತೇವೆ.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಸಾಕಷ್ಟು ಸ್ಪಷ್ಟವಾಗಿಯೇ ಇದೆ. 1957ರ ಕೃತಿಸ್ವಾಮ್ಯ ಅಧಿನಿಯಮವು ಛಾಯಾಚಿತ್ರವನ್ನು ಕಲಾಕೃತಿಗಳ ಪಂಕ್ತಿಯಲ್ಲಿಯೇ ಕೂರಿಸಿ, ಚಿತ್ರವನ್ನು ತೆಗೆದವನೇ ಅದರ ಕರ್ತೃವೆಂದು ಹೇಳುತ್ತದೆ. ಚಿತ್ರವು ಹುಟ್ಟಿದ ಕ್ಷಣದಲ್ಲಿಯೇ ಹಕ್ಕೂ ಹುಟ್ಟುತ್ತದೆ. ಅದನ್ನು ಯಾವ ಕಚೇರಿಯಲ್ಲಿಯೂ ನೋಂದಾಯಿಸಬೇಕಾದ ಅಗತ್ಯವಿಲ್ಲ. ವೃತ್ತದೊಳಗಿನ ‘ಸಿ’ ಅಕ್ಷರದ ಮುದ್ರೆಯನ್ನು ಒತ್ತಬೇಕಾಗಿಲ್ಲ. ‘ಹಕ್ಕುಗಳನ್ನು ಕಾಯ್ದಿರಿಸಿದೆ’ ಎಂಬ ವಾಕ್ಯವಿಲ್ಲದಿರುವುದೂ ಹಕ್ಕನ್ನು ಬಿಟ್ಟುಕೊಟ್ಟದ್ದಕ್ಕೆ ಗುರುತಲ್ಲ. 1886ರ ಬರ್ನ್ ಒಡಂಬಡಿಕೆಗೆ ಭಾರತವು 1928ರಿಂದಲೂ ಸದಸ್ಯರಾಷ್ಟ್ರವಾಗಿರುವುದರಿಂದ, ಜರ್ಮನಿಯವನ ಚಿತ್ರಕ್ಕೆ ಇಲ್ಲಿಯೂ ಧಾರವಾಡದವನ ಚಿತ್ರಕ್ಕೆ ಅಲ್ಲಿಯೂ ರಕ್ಷಣೆಯುಂಟು. ಚಿತ್ರದ ಮೇಲಿನ ಹೆಸರಿನ ಮುದ್ರೆಯನ್ನು, ಅಂದರೆ ವಾಟರ್‌ಮಾರ್ಕನ್ನು, ಅಳಿಸಿ ಬಳಸುವವರಿಗಂತೂ 2012ರ ತಿದ್ದುಪಡಿಯು ಪ್ರತ್ಯೇಕವಾದ ಅಪರಾಧವೊಂದನ್ನೇ ನಿರ್ಮಿಸಿದೆ: ಹಕ್ಕಿನ ಮಾಹಿತಿಯನ್ನು ಬೇಕೆಂದೇ ಅಳಿಸಿದವನಿಗೆ ಎರಡು ವರ್ಷಗಳವರೆಗೆ ಸೆರೆವಾಸವನ್ನು ವಿಧಿಸಬಹುದು.

ಇಲ್ಲೊಂದು ಸ್ವಾರಸ್ಯವುಂಟು. ಹಣ ಕೊಟ್ಟು ತೆಗೆಯಿಸಿದ ಚಿತ್ರದ ಪ್ರಥಮ ಒಡೆತನವು, ಬೇರೆ ಕರಾರಿಲ್ಲದ ಪಕ್ಷದಲ್ಲಿ, ತೆಗೆಯಿಸಿದವನಿಗೇ ಸಲ್ಲುತ್ತದೆ. ಆದುದರಿಂದ ಮದುವೆಮನೆಯ ಚಿತ್ರಗಳು ಸ್ಟುಡಿಯೋದವನ ಸ್ವತ್ತಲ್ಲ, ಅವನಿಗೆ ಹಣ ಕೊಟ್ಟ ಮನೆಯವರ ಸ್ವತ್ತು. ಸಂಬಳಕ್ಕಿದ್ದವನು ತನ್ನ ಕೆಲಸದ ಭಾಗವಾಗಿ ತೆಗೆದದ್ದು ಸಾಮಾನ್ಯವಾಗಿ ಧಣಿಯ ಪಾಲಿಗೆ ಹೋಗುತ್ತದೆ. ಹಾಗಿದ್ದರೂ ಕರ್ತೃವಿನ ನೈತಿಕ ಹಕ್ಕೆಂಬುದೊಂದು ಅವನಲ್ಲಿಯೇ ಉಳಿಯುತ್ತದೆ: ಕೃತಿಯು ತನ್ನದೆಂದು ಹೇಳಿಕೊಳ್ಳುವ ಹಕ್ಕು, ತನ್ನ ಗೌರವಕ್ಕೆ ಕುಂದು ಬರುವಂತೆ ಅದನ್ನು ವಿಕಾರಗೊಳಿಸಿದರೆ ತಡೆಯುವ ಹಕ್ಕು. ದೆಹಲಿಯ ವಿಜ್ಞಾನ ಭವನದ ಗೋಡೆಯ ಮೇಲೆ ಶಿಲ್ಪಿ ಅಮರನಾಥ ಸೆಹಗಲ್ ಅವರು ರಚಿಸಿದ್ದ ಕಂಚಿನ ಭಿತ್ತಿಶಿಲ್ಪವನ್ನು ಸರ್ಕಾರವು ಕಿತ್ತು ಉಗ್ರಾಣಕ್ಕೆ ಹಾಕಿದಾಗ, ಅವರು ಹೂಡಿದ ದಾವೆಯಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು 2005ರಲ್ಲಿ ಅಳಿದುಳಿದ ಭಾಗಗಳನ್ನು ಕಲಾವಿದನಿಗೆ ಹಿಂದಿರುಗಿಸಿ, ಐದು ಲಕ್ಷ ರೂಪಾಯಿಗಳ ಪರಿಹಾರವನ್ನೂ ಕೊಡಬೇಕೆಂದು ತೀರ್ಪಿತ್ತಿತು. ಕೃತಿಯನ್ನು ಕೊಂಡದ್ದು ಸರ್ಕಾರವೇ ಆದರೂ ಮಾಡಿದವನ ಸಂಬಂಧವು ಅದರಿಂದ ಕಳಚಿಹೋಗದೆಂಬ ಈ ಮಾತು ನನಗೆ ಈ ಇಡೀ ಕಾನೂನಿನಲ್ಲಿಯೇ ಅತ್ಯಂತ ಮಾನವೀಯವಾದ ಭಾಗವೆಂದು ತೋರುತ್ತದೆ.

ಹಕ್ಕಿನ ಅವಧಿಯ ವಿಷಯದಲ್ಲಿ ಒಂದು ಬದಲಾವಣೆಯನ್ನು ಅನೇಕರು ಗಮನಿಸಿದಂತಿಲ್ಲ. ಹಿಂದೆ ಛಾಯಾಚಿತ್ರಕ್ಕೆ ಪ್ರಕಟವಾದ ವರ್ಷದಿಂದ ಅರವತ್ತು ವರ್ಷಗಳ ರಕ್ಷಣೆಯಿತ್ತು. 2012ರ ತಿದ್ದುಪಡಿಯು ಈ ಪಂಕ್ತಿಭೇದವನ್ನು ತೊಡೆದುಹಾಕಿ, ಕವಿಗೂ ಕಾದಂಬರಿಕಾರನಿಗೂ ಇರುವಂತೆಯೇ ಛಾಯಾಗ್ರಾಹಕನಿಗೂ ಜೀವಿತಕಾಲ ಮತ್ತು ಮರಣಾನಂತರದ ಅರವತ್ತು ವರ್ಷಗಳೆಂದು ನಿರ್ಣಯಿಸಿತು. ಈ ಲೆಕ್ಕದಲ್ಲಿ, 2007ರಲ್ಲಿ ನಮ್ಮನ್ನಗಲಿದ ಲೇಖಕ ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ಸುತ್ತಮುತ್ತ ತೆಗೆದ ಹಕ್ಕಿಗಳ ಚಿತ್ರಗಳು 2067ರ ಕೊನೆಯವರೆಗೂ, 2009ರಲ್ಲಿ ತೀರಿಕೊಂಡ ಮೈಸೂರಿನ ಛಾಯಾಗ್ರಾಹಕ ಟಿ. ಎಸ್. ಸತ್ಯನ್ ಅವರ ಸ್ವಂತ ಹಕ್ಕಿನ ಚಿತ್ರಗಳು 2069ರ ಕೊನೆಯವರೆಗೂ ರಕ್ಷಿತವಾಗಿರುತ್ತವೆ. ಕಪ್ಪುಬಿಳುಪಿನ ಚಿತ್ರವೆಂದೊಡನೆ ಹಳೆಯದು, ಹಳೆಯದೆಂದೊಡನೆ ಯಾರದ್ದೂ ಅಲ್ಲವೆಂದು ತಿಳಿಯುವವರು ಸತ್ಯನ್ ಅವರು ತೆಗೆದ ಮಕ್ಕಳ ಚಿತ್ರಗಳನ್ನು ಹಂಚುವಾಗ ಇದನ್ನು ನೆನೆಯಬೇಕು.

ಮೂಲವನ್ನು ಹೆಸರಿಸಿದೆನಲ್ಲ, ಅಷ್ಟು ಸಾಲದೇ ಎಂದು ಕೇಳುವವರುಂಟು. ಈ ಪ್ರಶ್ನೆಗೆ ಯೂರೋಪಿನ ಒಂದು ವ್ಯಾಜ್ಯವು ಉತ್ತರವನ್ನು ಕೊಟ್ಟಿದೆ. ಜರ್ಮನಿಯ ವಾಲ್ಟ್ರೋಪ್ ಎಂಬ ಊರಿನ ಶಾಲೆಯಲ್ಲಿ ಸ್ಪ್ಯಾನಿಷ್ ಭಾಷೆಯನ್ನು ಕಲಿಯುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಸ್ಪೇನಿನ ಕಾರ್ಡೋಬಾ ನಗರವನ್ನು ಕುರಿತು ಒಂದು ಪ್ರಬಂಧವನ್ನು ಸಿದ್ಧಪಡಿಸಿ, ಪ್ರವಾಸದ ಜಾಲತಾಣವೊಂದರಲ್ಲಿ ಕಂಡ ಆ ನಗರದ ಚಿತ್ರವನ್ನು ಅದರಲ್ಲಿ ಸೇರಿಸಿದಳು. ಚಿತ್ರವನ್ನು ನೋಡಲು ಆ ತಾಣದಲ್ಲಿ ಯಾವ ತಡೆಯೂ ಇರಲಿಲ್ಲ. ಅದನ್ನು ಎಲ್ಲಿಂದ ತೆಗೆದುಕೊಂಡೆನೆಂಬುದನ್ನೂ ಅವಳು ಚಿತ್ರದ ಕೆಳಗೆ ಪ್ರಾಮಾಣಿಕವಾಗಿ ಬರೆದಿದ್ದಳು. ಪ್ರಬಂಧವು ಶಾಲೆಯ ಜಾಲತಾಣದಲ್ಲಿ ಪ್ರಕಟವಾಯಿತು. ಚಿತ್ರವನ್ನು ತೆಗೆದಿದ್ದ ಡಿರ್ಕ್ ರೆಂಕಾಫ್ ಅವರು, ತಾನು ಅನುಮತಿಯನ್ನು ಕೊಟ್ಟಿದ್ದುದು ಆ ಪ್ರವಾಸದ ತಾಣಕ್ಕೆ ಮಾತ್ರವೆಂದು ನ್ಯಾಯಾಲಯದ ಮೆಟ್ಟಿಲೇರಿದರು. ದಾವೆಯು ಮೇಲುಮೇಲಿನ ನ್ಯಾಯಪೀಠಗಳನ್ನು ಹಾಯ್ದು ಕಡೆಗೆ ಯೂರೋಪಿನ ಒಕ್ಕೂಟದ ನ್ಯಾಯಾಲಯವನ್ನು ಮುಟ್ಟಿತು. 2018ರ ಆಗಸ್ಟ್ 7ರಂದು ಹೊರಬಿದ್ದ ತೀರ್ಪಿನ ತಾತ್ಪರ್ಯವಿಷ್ಟು: ಒಂದು ತಾಣದಲ್ಲಿ ಒಡೆಯನ ಸಮ್ಮತಿಯಿಂದ ಎಲ್ಲರಿಗೂ ಕಾಣುವಂತೆ ಇಟ್ಟ ಚಿತ್ರವನ್ನು ಇಳಿಸಿಕೊಂಡು ಇನ್ನೊಂದು ತಾಣದಲ್ಲಿ ಇಡುವುದಕ್ಕೆ ಒಡೆಯನ ಹೊಸ ಸಮ್ಮತಿ ಬೇಕು. ಏಕೆಂದರೆ, ಮೂಲತಾಣದ ಕೊಂಡಿಯನ್ನು ಮಾತ್ರ ಕೊಟ್ಟಿದ್ದರೆ ಅವನು ತನ್ನ ಚಿತ್ರವನ್ನು ಅಲ್ಲಿಂದ ತೆಗೆದೊಡನೆ ಅದು ಎಲ್ಲ ಕಡೆಯೂ ಮರೆಯಾಗುತ್ತಿತ್ತು. ಪ್ರತಿಯನ್ನು ಬೇರೆಡೆ ಇಟ್ಟ ಮೇಲೆ ಅವನು ಎಷ್ಟು ತೆಗೆದರೂ ಅದು ಉಳಿದೇ ಇರುತ್ತದೆ, ಅಂದರೆ ತನ್ನ ಕೃತಿಯ ಮೇಲಿನ ಹಿಡಿತವೇ ಅವನಿಗೆ ತಪ್ಪಿಹೋಗುತ್ತದೆ.

ಆ ಬಾಲಿಕೆಯ ಬಗ್ಗೆ ನನಗೆ ಸಹಾನುಭೂತಿಯಿದೆ. ಆದರೆ ತೀರ್ಪಿನ ಹಿಂದಿನ ವಿಚಾರವು ಸಾಧುವೆಂದೇ ನನ್ನ ಮತ. ಈ ತೀರ್ಪು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲವಾದರೂ, ಹೆಸರನ್ನು ಹೇಳುವುದು ಬೇರೆ, ಅಪ್ಪಣೆಯನ್ನು ಪಡೆಯುವುದು ಬೇರೆ ಎಂಬ ತತ್ತ್ವವು ನಮ್ಮ ಕಾನೂನಿನಲ್ಲಿಯೂ ಅಡಗಿದೆ. ವಿಮರ್ಶೆಗೆ, ಪ್ರಚಲಿತ ವಿದ್ಯಮಾನದ ವರದಿಗೆ, ಖಾಸಗಿ ಅಧ್ಯಯನಕ್ಕೆ ನ್ಯಾಯೋಚಿತವಾದ ಬಳಕೆಯನ್ನು ಅಧಿನಿಯಮದ 52ನೆಯ ಪ್ರಕರಣವು ಒಪ್ಪುತ್ತದೆ. ಒಂದು ಛಾಯಾಚಿತ್ರವನ್ನೇ ವಿಮರ್ಶಿಸುವ ಲೇಖನದಲ್ಲಿ ಅದನ್ನು ತೋರಿಸುವುದು ಈ ವಿನಾಯಿತಿಯೊಳಗೆ ಬರಬಹುದು. ಮಳೆಗಾಲವನ್ನು ಕುರಿತ ಹರಟೆಗೆ ಶೋಭೆಯಾಗಲೆಂದು ಯಾರದೋ ಆಗುಂಬೆಯ ಚಿತ್ರವನ್ನು ಹಾಕಿಕೊಳ್ಳುವುದು ಬರುವುದಿಲ್ಲ. ತಿಳಿದೂ ತಿಳಿದೂ ಮಾಡಿದ ಉಲ್ಲಂಘನೆಗೆ ಆರು ತಿಂಗಳಿಂದ ಮೂರು ವರ್ಷಗಳವರೆಗೆ ಸೆರೆಯನ್ನೂ, ಐವತ್ತು ಸಾವಿರದಿಂದ ಎರಡು ಲಕ್ಷ ರೂಪಾಯಿಗಳವರೆಗೆ ದಂಡವನ್ನೂ ಕಾನೂನು ಹೇಳುತ್ತದೆ. ವ್ಯಾಪಾರದ ಲಾಭಕ್ಕಾಗಿ ಮಾಡಿದ್ದಲ್ಲದಿದ್ದರೆ ನ್ಯಾಯಾಧೀಶರು ಇದಕ್ಕಿಂತ ಕಡಿಮೆ ಮಾಡಬಹುದು.

ಹಾಗಾದರೆ, ಹಣವಿಲ್ಲದ ಬರಹಗಾರನು ಚಿತ್ರವಿಲ್ಲದೆಯೇ ಬರೆಯಬೇಕೆ? ಇಲ್ಲ, ಏಕೆಂದರೆ ಕೇಳುವ ಮೊದಲೇ ಅಪ್ಪಣೆಯನ್ನು ಬರೆದಿಟ್ಟ ಉದಾರಿಗಳು ಲೋಕದಲ್ಲಿ ಲಕ್ಷಗಟ್ಟಲೆ ಇದ್ದಾರೆ. ಆ ವ್ಯವಸ್ಥೆಯು ಹುಟ್ಟಿದ ಕಥೆಯು ಅಮೆರಿಕದ ಒಂದು ಸೋಲಿನೊಡನೆ ಹೆಣೆದುಕೊಂಡಿದೆ. ನ್ಯೂ ಹ್ಯಾಂಪ್‌ಷೈರಿನ ಎರಿಕ್ ಎಲ್ಡ್ರೆಡ್ ಎಂಬವರು ಕೃತಿಸ್ವಾಮ್ಯದ ಅವಧಿ ಮುಗಿದ ಹಳೆಯ ಪುಸ್ತಕಗಳನ್ನು ಅಂತರಜಾಲದಲ್ಲಿ ಉಚಿತವಾಗಿ ಪ್ರಕಟಿಸುತ್ತಿದ್ದರು. 1998ರಲ್ಲಿ ಅಮೆರಿಕದ ಶಾಸನಸಭೆಯು ಅವಧಿಯನ್ನು ಒಮ್ಮೆಗೇ ಇಪ್ಪತ್ತು ವರ್ಷ ಲಂಬಿಸಿದ್ದರಿಂದ, ಇನ್ನೇನು ಎಲ್ಲರ ಸ್ವತ್ತಾಗಲಿದ್ದ ಪುಸ್ತಕಗಳು ಮತ್ತೆ ಬೀಗದೊಳಗೆ ಉಳಿದವು. ಎಲ್ಡ್ರೆಡ್ ದಾವೆ ಹೂಡಿದರು. ಎಲ್ಡ್ರೆಡ್ ಅವರ ಪರವಾಗಿ ಕಾನೂನಿನ ಪ್ರಾಧ್ಯಾಪಕ ಲಾರೆನ್ಸ್ ಲೆಸ್ಸಿಗ್ ವಾದಿಸಿದರು. 2003ರ ಜನವರಿಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಏಳಕ್ಕೆರಡರ ಬಹುಮತದಿಂದ ಅವರ ವಿರುದ್ಧ ತೀರ್ಪಿತ್ತಿತು. ಆದರೆ ಶಾಸನವು ಬಾಗಿಲನ್ನು ಮುಚ್ಚಿದರೂ ಒಡೆಯನೇ ಸ್ವಇಚ್ಛೆಯಿಂದ ತೆರೆಯಬಹುದಲ್ಲವೇ ಎಂಬ ಯೋಚನೆಯಿಂದ ಇವರಿಬ್ಬರೂ, ಹ್ಯಾಲ್ ಏಬಲ್ಸನ್ ಮೊದಲಾದವರೂ ಸೇರಿ 2001ರಲ್ಲಿಯೇ ಕ್ರಿಯೇಟಿವ್ ಕಾಮನ್ಸ್ ಎಂಬ ಸಂಸ್ಥೆಯನ್ನು ಕಟ್ಟಿದ್ದರು. 2002ರ ಡಿಸೆಂಬರ್ 16ರಂದು ಅದರ ಮೊದಲ ಪರವಾನಗಿ ಪತ್ರಗಳು ಹೊರಬಂದವು.

ಪರವಾನಗಿಯನ್ನು ಕೊಟ್ಟವನು ಒಡೆತನವನ್ನು ಬಿಟ್ಟುಕೊಟ್ಟನೆಂದು ಭಾವಿಸಬಾರದು. ಊರಿನ ಗೋಮಾಳದಲ್ಲಿ ಯಾರ ದನವಾದರೂ ಮೇಯಬಹುದು, ಆದರೆ ಮೇಯಿಸಲು ಬಂದವನು ಬೇಲಿ ಹಾಕಿ ನೆಲ ತನ್ನದೆನ್ನಲಾಗದು. ಈ ಏರ್ಪಾಡೂ ಅಂಥದೇ. ಪರವಾನಗಿಗಳು ಆರು ಬಗೆ. ಅವುಗಳನ್ನು ಹೆಣೆದಿರುವ ಎಳೆಗಳು ನಾಲ್ಕು. ಕರ್ತೃವನ್ನು ಹೆಸರಿಸಬೇಕೆಂಬ ‘ಬಿವೈ’ ಎಲ್ಲದರಲ್ಲಿಯೂ ಇದೆ. ‘ಎಸ್‌ಎ’ ಎಂದಿದ್ದರೆ, ಚಿತ್ರವನ್ನು ಮಾರ್ಪಡಿಸಿ ಹೊಸದನ್ನು ಮಾಡಿದವನು ಅದನ್ನೂ ಅದೇ ಷರತ್ತಿನ ಮೇಲೆ ಲೋಕಕ್ಕೆ ಕೊಡಬೇಕು. ಇದ್ದಂತೆಯೇ ಹಾಕಿಕೊಂಡ ಮಾತ್ರಕ್ಕೆ ನಿಮ್ಮ ಲೇಖನವನ್ನೂ ಬಿಟ್ಟುಕೊಡಬೇಕಾದೀತೆಂಬ ಭೀತಿಗೆ ಕಾರಣವಿಲ್ಲ. ‘ಎನ್‌ಡಿ’ ಎಂದರೆ ಮಾರ್ಪಡಿಸಿದ್ದನ್ನು ಹಂಚಲಾಗದು. ‘ಎನ್‌ಸಿ’ ಎಂದರೆ ಪ್ರಧಾನವಾಗಿ ವಾಣಿಜ್ಯಲಾಭಕ್ಕಾಗಿ ಬಳಸಲಾಗದು. ಎಲ್ಲ ಕಲಹವೂ ಹುಟ್ಟುವುದು ಈ ಕಡೆಯದರಿಂದ: ಪುಟದ ಅಂಚಿನಲ್ಲಿ ಜಾಹೀರಾತಿದ್ದು ತಿಂಗಳಿಗೆ ಒಂದಿಷ್ಟು ಹಣ ಬರುವುದಾದರೆ ಅದು ವಾಣಿಜ್ಯವೇ? ವಿದ್ವಾಂಸರು ವಾದಿಸಬಹುದು, ಸಂಶಯವಿದ್ದಲ್ಲಿ ಅಂಥ ಚಿತ್ರವನ್ನು ಬಿಟ್ಟು ಬೇರೊಂದನ್ನು ಆರಿಸಿಕೊಳ್ಳುವುದು, ಇಲ್ಲವೇ ಛಾಯಾಗ್ರಾಹಕರಿಗೆ ಎರಡು ಸಾಲು ಬರೆದು ಕೇಳುವುದು ಮೇಲು. ಹೀಗೆ ಕೇಳಿದಾಗ ಬೇಡವೆನ್ನುವವರು ವಿರಳವೆಂದು ನನ್ನ ನಂಬಿಕೆ. ವಿಕಿಮೀಡಿಯ ಕಾಮನ್ಸ್ ಎಂಬ ಭಂಡಾರವು ‘ಎನ್‌ಡಿ’, ‘ಎನ್‌ಸಿ’ ನಿರ್ಬಂಧಗಳುಳ್ಳ ಚಿತ್ರಗಳನ್ನು ಸ್ವೀಕರಿಸುವುದೇ ಇಲ್ಲವಾದ್ದರಿಂದ ಹೊಸಬರಿಗೆ ಅದೇ ನಿರಾತಂಕವಾದ ನೆಲೆ.

ಕೃತಜ್ಞತೆಯ ಸಾಲನ್ನು ಬರೆಯುವ ಬಗೆಯನ್ನು ತುಸು ವಿವರವಾಗಿಯೇ ಹೇಳಬೇಕು. ಬೇಲೂರಿನ ಚೆನ್ನಕೇಶವ ದೇವಾಲಯದ ಒಂದು ಮದನಿಕೆಯ ಚಿತ್ರವನ್ನು ಆ ಭಂಡಾರದಿಂದ ತೆಗೆದುಕೊಂಡಿರೆಂದು ಭಾವಿಸೋಣ. ಚಿತ್ರದ ಪುಟದಲ್ಲಿ ಕರ್ತೃವು ತನ್ನ ಹೆಸರನ್ನು ಹೇಗೆ ಕೊಟ್ಟಿದ್ದಾನೋ ಹಾಗೆಯೇ, ಅದು ಅಡ್ಡಹೆಸರಾಗಿದ್ದರೂ ಸರಿ, ಬರೆಯಬೇಕು. ಚಿತ್ರಕ್ಕೆ ಶೀರ್ಷಿಕೆಯಿದ್ದರೆ ಅದನ್ನು ಬರೆದು ಮೂಲಪುಟಕ್ಕೆ ಕೊಂಡಿ ಹಾಕಬೇಕು. ‘ಸಿಸಿ ಬಿವೈ-ಎಸ್‌ಎ 4.0’ ಎಂದು ಆವೃತ್ತಿಯ ಸಂಖ್ಯೆಯ ಸಮೇತ ಪರವಾನಗಿಯನ್ನು ಹೆಸರಿಸಿ, ಅದರ ಪಾಠಕ್ಕೂ ಕೊಂಡಿ ಕೊಡಬೇಕು. ಅಂಚನ್ನು ಕತ್ತರಿಸಿದ್ದರೆ, ಬಣ್ಣವನ್ನು ತಿದ್ದಿದ್ದರೆ, ಹಾಗೆಂದು ಹೇಳಬೇಕು. ‘ಕೃಪೆ: ವಿಕಿಪೀಡಿಯ’ ಎಂಬುದು ‘ಕೃಪೆ: ಅಂತರಜಾಲ’ ಎಂಬುದಕ್ಕಿಂತ ಒಂದು ಹೆಜ್ಜೆಯಷ್ಟೇ ಮುಂದೆ; ಏಕೆಂದರೆ ವಿಕಿಪೀಡಿಯವೂ ಚಿತ್ರವನ್ನು ತೆಗೆದದ್ದಲ್ಲ. ಜರ್ಮನಿಯ ಡಾಯ್ಚ್‌ಲಾಂಡ್‌ರೇಡಿಯೋ ಎಂಬ ಸಾರ್ವಜನಿಕ ಬಾನುಲಿ ಸಂಸ್ಥೆಯು ವಾಣಿಜ್ಯೇತರ ಪರವಾನಗಿಯ ಚಿತ್ರವೊಂದನ್ನು ತನ್ನ ತಾಣದಲ್ಲಿ ಬಳಸಿದಾಗ, ಕಲೋನಿನ ಮೇಲ್ಮನವಿ ನ್ಯಾಯಾಲಯವು 2014ರಲ್ಲಿ ವಾಣಿಜ್ಯದ ಆಕ್ಷೇಪಣೆಯನ್ನು ತಳ್ಳಿಹಾಕಿತಾದರೂ, ಚಿತ್ರವನ್ನು ಕತ್ತರಿಸುವಾಗ ಅದರೊಳಗಿದ್ದ ಛಾಯಾಗ್ರಾಹಕನ ಹೆಸರೂ ಕತ್ತರಿಸಿಹೋದದ್ದನ್ನು ತಪ್ಪೆಂದಿತು. ಪರವಾನಗಿಯ 4.0 ಆವೃತ್ತಿಯು ಮಾತ್ರ, ಲೋಪವನ್ನು ತಿಳಿದ ಮೂವತ್ತು ದಿನಗಳೊಳಗೆ ಸರಿಪಡಿಸಿದವನಿಗೆ ಕಳೆದುಕೊಂಡ ಅನುಮತಿಯನ್ನು ತಾನಾಗಿಯೇ ಮರಳಿ ಕೊಡುವ ದಾಕ್ಷಿಣ್ಯವನ್ನು ತೋರಿಸುತ್ತದೆ.

ಪರವಾನಗಿಯ ಕೈ ಎಲ್ಲಿಯವರೆಗೆ ಚಾಚುವುದಿಲ್ಲ ಎಂಬುದನ್ನೂ ಅರಿತಿರಬೇಕು. 2007ರಲ್ಲಿ ಆಸ್ಟ್ರೇಲಿಯದ ವರ್ಜಿನ್ ಮೊಬೈಲ್ ಕಂಪನಿಯು ಫ್ಲಿಕರ್ ತಾಣದಲ್ಲಿ ಮುಕ್ತ ಪರವಾನಗಿಯ ಮೇಲಿದ್ದ ಒಂದು ಚಿತ್ರವನ್ನು ತನ್ನ ಜಾಹೀರಾತಿಗೆ ಬಳಸಿಕೊಂಡಿತು. ಚಿತ್ರದಲ್ಲಿದ್ದವಳು ಅಮೆರಿಕದ ಟೆಕ್ಸಾಸಿನ ಹದಿಹರೆಯದ ಹುಡುಗಿ. ಅವಳನ್ನು ಯಾರೂ ಕೇಳಿರಲಿಲ್ಲ. ಅವಳ ಕುಟುಂಬದವರು ಹೂಡಿದ ದಾವೆಯು ಆಸ್ಟ್ರೇಲಿಯದ ಕಂಪನಿಯ ಮೇಲೆ ಟೆಕ್ಸಾಸಿನ ನ್ಯಾಯಾಲಯಕ್ಕೆ ಅಧಿಕಾರವಿಲ್ಲವೆಂಬ ಕಾರಣದಿಂದ ವಜಾ ಆಯಿತಾದರೂ, ಚಿತ್ರ ತೆಗೆದವನ ಅಪ್ಪಣೆಯು ಚಿತ್ರದಲ್ಲಿರುವವರ ಅಪ್ಪಣೆಯಾಗುವುದಿಲ್ಲವೆಂಬ ಪಾಠವನ್ನು ಎಲ್ಲರೂ ಕಲಿತರು. ಜಾತ್ರೆಯಲ್ಲಿ ನಗುವ ಮಗುವಿನ ಚಿತ್ರವನ್ನು ಅಪೌಷ್ಟಿಕತೆಯ ಲೇಖನಕ್ಕೆ ಹಾಕುವ ಮುನ್ನ ಇದನ್ನು ಯೋಚಿಸಬೇಕಾದ್ದು ಕಾನೂನಿಗಾಗಿ ಮಾತ್ರವಲ್ಲ.

ತನ್ನದಲ್ಲದ ಚಿತ್ರವನ್ನು ತನ್ನದೆಂದು ಏರಿಸಿ ಮುಕ್ತ ಪರವಾನಗಿಯ ಮುದ್ರೆಯನ್ನು ಒತ್ತಿದವರೂ ಇದ್ದಾರೆ. ಇಲ್ಲದ ಹಕ್ಕನ್ನು ಯಾರೂ ದಾನ ಮಾಡಲಾರರಾದ್ದರಿಂದ ಅಂಥ ಮುದ್ರೆಗೆ ಬೆಲೆಯಿಲ್ಲ. ಏರಿಸಿದವನ ಬೇರೆ ಚಿತ್ರಗಳನ್ನೂ ಒಮ್ಮೆ ನೋಡಿದರೆ ಸಾಮಾನ್ಯವಾಗಿ ನಿಜಸ್ಥಿತಿ ತಿಳಿಯುತ್ತದೆ. ಅನ್‌ಸ್ಪ್ಲಾಶ್, ಪಿಕ್ಸಾಬೇಗಳಂಥ ತಾಣಗಳು ಮೊದಲು ‘ಸಿಸಿ ಜೀರೋ’ ಎಂಬ ಪೂರ್ಣತ್ಯಾಗದ ಪತ್ರವನ್ನು ಬಳಸುತ್ತಿದ್ದು, ಅನಂತರ ಕ್ರಮವಾಗಿ 2017ರಲ್ಲಿಯೂ 2019ರಲ್ಲಿಯೂ ತಮ್ಮವೇ ಆದ ಷರತ್ತುಗಳಿಗೆ ಬದಲಾಯಿಸಿಕೊಂಡವು. ಆದುದರಿಂದ ಚಿತ್ರವನ್ನು ಇಳಿಸಿಕೊಂಡ ದಿನದ ಪುಟದ ಒಂದು ಪ್ರತಿಯನ್ನು ದಿನಾಂಕದೊಡನೆ ತೆಗೆದಿಟ್ಟುಕೊಳ್ಳುವುದು ವಿವೇಕ. ಸರ್ಕಾರದ ಚಿತ್ರಗಳ ವಿಷಯದಲ್ಲಿಯೂ ಒಂದು ಭ್ರಮೆಯಿದೆ. ಅಮೆರಿಕದ ಕೇಂದ್ರ ಸರ್ಕಾರದ ಸಿಬ್ಬಂದಿ ಕರ್ತವ್ಯದ ಮೇಲೆ ತೆಗೆದ ಚಿತ್ರಕ್ಕೆ ಅಲ್ಲಿ ಕೃತಿಸ್ವಾಮ್ಯವಿಲ್ಲದ್ದರಿಂದ ನಾಸಾದ ಚಿತ್ರಗಳು ಬಹುಪಾಲು ಮುಕ್ತ. ನಮ್ಮಲ್ಲಾದರೋ ಸರ್ಕಾರದ ಕೃತಿಗೂ ಪ್ರಕಟಣೆಯಿಂದ ಅರವತ್ತು ವರ್ಷಗಳ ಹಕ್ಕಿರುವುದರಿಂದ ಇಸ್ರೋದ ಚಿತ್ರವನ್ನು ಅದೇ ತಕ್ಕಡಿಯಲ್ಲಿ ತೂಗಲಾಗದು.

ಪೂರ್ಣತ್ಯಾಗಕ್ಕೂ ಷರತ್ತಿನ ದಾನಕ್ಕೂ ಇರುವ ಅಂತರವನ್ನು ಕ್ಯಾರಲ್ ಹೈಸ್ಮಿತ್ ಅವರ ಅನುಭವವು ಮನಗಾಣಿಸುತ್ತದೆ. ಅಮೆರಿಕವನ್ನೆಲ್ಲ ಸುತ್ತಿ ತೆಗೆದ ಸಾವಿರಾರು ಚಿತ್ರಗಳನ್ನು ಈ ಮಹಿಳೆ ತಮ್ಮ ದೇಶದ ಲೈಬ್ರರಿ ಆಫ್ ಕಾಂಗ್ರೆಸ್ಸಿಗೆ ಸಾರ್ವಜನಿಕರ ಬಳಕೆಗೆಂದು ಕೊಟ್ಟರು. 2015ರಲ್ಲಿ, ತಮ್ಮದೇ ಚಿತ್ರವನ್ನು ತಮ್ಮದೇ ಸಂಸ್ಥೆಯ ತಾಣದಲ್ಲಿ ಹಾಕಿಕೊಂಡದ್ದಕ್ಕಾಗಿ 120 ಡಾಲರ್ ಕೊಡಬೇಕೆಂಬ ನೋಟೀಸು ಅವರಿಗೆ ಬಂದಿತು. ಚಿತ್ರಗಳನ್ನು ಮಾರುವ ಸಂಸ್ಥೆಗಳು ಅವರ ದಾನವನ್ನೇ ತಮ್ಮ ಸರಕಿನಲ್ಲಿ ಸೇರಿಸಿಕೊಂಡಿದ್ದವು. ಅವರು 2016ರಲ್ಲಿ ಗೆಟ್ಟಿ ಇಮೇಜಸ್ ಮೊದಲಾದವರ ಮೇಲೆ ದಾವೆ ಹೂಡಿದರೂ, ಹಕ್ಕನ್ನೇ ಬಿಟ್ಟುಕೊಟ್ಟಿದ್ದ ಆ ಚಿತ್ರಗಳಿಗಾಗಿ ಕೃತಿಸ್ವಾಮ್ಯದ ಹೆಸರಿನಲ್ಲಿ ಪರಿಹಾರ ಕೇಳಿದ ಭಾಗವು ವಜಾ ಆಯಿತು. ಕೊಡಬೇಕೆಂಬ ಮನಸ್ಸುಳ್ಳ ನಮ್ಮ ಛಾಯಾಗ್ರಾಹಕರು ‘ಬಿವೈ’ಯನ್ನೋ ‘ಬಿವೈ-ಎಸ್‌ಎ’ಯನ್ನೋ ಆರಿಸಿಕೊಳ್ಳಲಿ ಎಂದು ನಾನು ಹೇಳುವುದು ಈ ಕಾರಣದಿಂದಲೇ: ದಾನವೂ ಆಗುತ್ತದೆ, ಹೆಸರೂ ಉಳಿಯುತ್ತದೆ, ಷರತ್ತನ್ನು ಮೀರಿದವನನ್ನು ಕೇಳುವ ಅಧಿಕಾರವೂ ಕೈಯಲ್ಲಿರುತ್ತದೆ. ಒಮ್ಮೆ ಕೊಟ್ಟ ಪರವಾನಗಿಯನ್ನು ಹಿಂದಕ್ಕೆ ಪಡೆಯಲಾಗದೆಂಬುದನ್ನು ಮಾತ್ರ ಮೊದಲೇ ಯೋಚಿಸಿರಬೇಕು.

ಕನ್ನಡದಲ್ಲಿ ಇಂಥ ದಾನಗಳು ಆಗಿಲ್ಲವೆಂದಲ್ಲ. ಕಾದಂಬರಿಕಾರ ನಿರಂಜನರ ಕೃತಿಗಳನ್ನು ಅವರ ಕುಟುಂಬದವರೂ, ಕನ್ನಡ ವಿಶ್ವಕೋಶದ ಸಂಪುಟಗಳನ್ನು ಮೈಸೂರು ವಿಶ್ವವಿದ್ಯಾನಿಲಯವೂ 2014ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಮೇಲೆ ಲೋಕಕ್ಕೆ ತೆರೆದಿಟ್ಟರು. ಅಕ್ಷರಕ್ಕೆ ದೊರೆತ ಈ ಔದಾರ್ಯವು ಚಿತ್ರಕ್ಕೂ ದೊರೆಯಬೇಕಾಗಿದೆ. ಹಂಪಿಯೂ ಬೇಲೂರೂ ಸಾವಿರ ಕಣ್ಣುಗಳಿಗೆ ಬಿದ್ದಿವೆ; ಆದರೆ ಕೂರಿಗೆಯ ಬಟ್ಟಲಿಗೆ ಬೀಜ ಸುರಿಯುವ ಕೈಯನ್ನಾಗಲಿ, ಆಲೆಮನೆಯ ಕೊಪ್ಪರಿಗೆಯನ್ನಾಗಲಿ, ಇಳಕಲ್ಲಿನ ಮಗ್ಗದ ಮೇಲೆ ಸೆರಗನ್ನು ಜೋಡಿಸುವ ಬಗೆಯನ್ನಾಗಲಿ ಹೆಸರಿಟ್ಟು ತೋರಿಸುವ ಒಳ್ಳೆಯ ಮುಕ್ತಚಿತ್ರವನ್ನು ಹುಡುಕಹೊರಟ ಲೇಖಕನು ಬಹಳ ಹೊತ್ತು ಹುಡುಕಬೇಕಾಗುತ್ತದೆ. ನಮ್ಮ ಕಾನೂನು ಈ ಕೆಲಸಕ್ಕೆ ಕೆಲವು ದೇಶಗಳ ಕಾನೂನಿಗಿಂತ ಅನುಕೂಲವಾಗಿಯೂ ಇದೆ. ಕಟ್ಟಡದ ಚಿತ್ರವನ್ನು, ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿ ನಿಲ್ಲಿಸಿದ ಪ್ರತಿಮೆಯ ಚಿತ್ರವನ್ನು ತೆಗೆದು ಪ್ರಕಟಿಸುವುದು ಇಲ್ಲಿ ಉಲ್ಲಂಘನೆಯಲ್ಲ. ವಿಧಾನಸೌಧದ ಎದುರು ನಿಂತು ತೆಗೆದ ಚಿತ್ರವನ್ನು ಮುಕ್ತವಾಗಿ ಕೊಡಲು ಅದರ ಶಿಲ್ಪಿಯ ವಾರಸುದಾರರನ್ನು ಕೇಳಬೇಕಾಗಿಲ್ಲ. ಫ್ರಾನ್ಸಿನಲ್ಲಿ ಇಂಥ ಸ್ವಾತಂತ್ರ್ಯವು 2016ರಲ್ಲಿ, ಅದೂ ವಾಣಿಜ್ಯೇತರ ಬಳಕೆಗೆ ಮಾತ್ರ, ದೊರಕಿತು. ಆದರೆ ಬೀದಿಯ ಗೋಡೆಯ ಮೇಲೆ ಬರೆದ ವರ್ಣಚಿತ್ರಕ್ಕೂ ಸಿನಿಮಾ ಪೋಸ್ಟರಿಗೂ ನಮ್ಮಲ್ಲಿಯೂ ಈ ವಿನಾಯಿತಿ ಅನ್ವಯಿಸದು. ಅವುಗಳನ್ನೇ ಮುಖ್ಯವಾಗಿ ಹಿಡಿದ ಚಿತ್ರವನ್ನು ಏರಿಸುವ ಮೊದಲು ಬರೆದ ಕಲಾವಿದನನ್ನು ಕೇಳಬೇಕು. ವಿಕಿಮೀಡಿಯ ಕಾಮನ್ಸಿಗೆ ಚಿತ್ರವನ್ನು ಏರಿಸುವಾಗ ವಿವರಣೆಯನ್ನು ಕನ್ನಡದಲ್ಲಿಯೇ ಬರೆಯಬಹುದು. ಊರು, ತಾಲ್ಲೂಕು, ವಸ್ತುವಿಗೆ ಆ ಸೀಮೆಯ ಜನರು ಹೇಳುವ ಹೆಸರು, ಚಿತ್ರ ತೆಗೆದ ದಿನಾಂಕ, ಇವಿಷ್ಟನ್ನು ತಪ್ಪದೆ ಬರೆದಲ್ಲಿ ಮುಂದೆ ಆ ವಸ್ತುವನ್ನು ಕುರಿತು ಬರೆಯುವವರಿಗೆ ಅದರಿಂದ ನಿಜವಾದ ಉಪಯೋಗವಾಗುತ್ತದೆ.